ದೊರೆ ಅಳುವ ಪದ

ತಿರುಮಕೂಡಲು ನರಸೀಪುರದ ವನಜಾಕ್ಷಿ ಕೈಯಲ್ಲಿ ತಗಡಿನ ಟ್ರಂಕು ಹಿಡಿದು ಬಸ್ಸಿನಿಂದ ಇಳಿದಳೆಂದರೆ, ಆ ಊರಲ್ಲಿ ಅವತ್ತು ನಾಟಕ ಎಂದು ಯಾರೂ ಡಂಗುರ ಹೊಡೆಯಬೇಕಾಗಿರಲಿಲ್ಲ. ನರಸೀಪುರ, ನಂಜನಗೂಡು ಎರಡೂ ತಾಲ್ಲೂಕುಗಳಲ್ಲಿ ಅವಳು ರಾಣಿಯಾಗಿ ಕಾಲಿಡದ ಊರು ಹುಡುಕಿದರೂ ಸಿಗದು. ಊರಿನ ಗಂಡಸರು ರಾಜ, ಮಂತ್ರಿ, ಸೇನಾಪತಿ ಎಂದು ಪಾರ್ಟುಗಳನ್ನು ತಮ್ಮತಮ್ಮಲ್ಲೇ ಹಂಚಿಕೊಂಡು ತಿಂಗಳುಗಟ್ಟಲೆ ಪ್ರಾಕ್ಟೀಸ್ ಮಾಡುತ್ತಿದ್ದರು. ಹೆಣ್ಣು ಪಾರ್ಟಿಗೆ ಮಾತ್ರ ಊರ ಹೆಂಗಸರನ್ನು ಸ್ಟೇಜು ಹತ್ತಿಸುವ ಪದ್ಧತಿ ಇರಲಿಲ್ಲ. ಅದಕ್ಕೆ ಹೊರಗಿನಿಂದ ವನಜಾಕ್ಷಿ ಬರಬೇಕು. ನಾಟಕದ ದಿನವೇ ಬಂದು, ಅವತ್ತಿನವರೆಗೂ ಮುಖ ನೋಡದ ರಾಜನ ಪಕ್ಕ ನಿಂತು ಅವನನ್ನು ಪ್ರಾಣಕಾಂತ ಎಂದು ಕರೆಯಬೇಕು. ಅವನು ಮಾತು ಮರೆತರೆ "ತಾವು ಹೀಗಲ್ಲವೇ ಹೇಳಬೇಕೆಂದಿದ್ದುದು" ಎಂದು ಅವನ ಮಾತನ್ನೂ ತಾನೇ ಆಡಿ ದಾಟಿಸಬೇಕು. ಅವನು ಒಂದಿಷ್ಟು ಏರಿಸಿಕೊಂಡು ಬಂದಿದ್ದರೆ ಆಲಿಂಗನದ ನೆವದಲ್ಲಿ ಬೀಳದಂತೆ ಹಿಡಿದುಕೊಳ್ಳಬೇಕು. ಇಷ್ಟೆಲ್ಲ ಮಾಡಿ, ಮುಖದ ಬಣ್ಣ ತೊಳೆದು, ಮೊದಲ ಬಸ್ಸಿಗೆ ಊರು ಸೇರುತ್ತಿದ್ದಳು. ಎಷ್ಟು ರಾಜರನ್ನು ಹೀಗೆ ದಡ ಮುಟ್ಟಿಸಿದ್ದಾಳೋ, ಆ ರಾಜರಿಗೂ ಗೊತ್ತಿಲ್ಲ.

ಆದರೆ ಜನ ಅವಳನ್ನು ನೆನೆಯುತ್ತಿದ್ದುದು ಇದಕ್ಕಲ್ಲ, ದನಿಗೆ. ವನಜಾಕ್ಷಿಯದು ಕೆಳಗಿನ ದನಿ. ನೆಲದಡಿ ಕಾಳು ತುಂಬುವ ಹಗೇವಿನೊಳಗೆ ಇಳಿದು ನಿಂತು ಯಾರೋ ಹಾಡಿದ ಹಾಗೆ, ಮೇಲೆ ನಿಂತವರ ಪಾದಕ್ಕೆ ಮೊದಲು ತಾಕಿ ಆಮೇಲೆ ಕಿವಿಗೆ ಬರುವಂಥದ್ದು. ಗಂಡನನ್ನು ಕಳೆದುಕೊಂಡ ರಾಣಿಯಾಗಿ ಅವಳು ಕೂತು ಹಾಡಿದರೆ, ಹಿಂದಿನ ಸಾಲಿನ ಕಡಲೆಕಾಯಿ ಮಾರುವವನೂ ಪೊಟ್ಟಣ ಕಟ್ಟುವುದನ್ನು ಬಿಟ್ಟು ನಿಲ್ಲುತ್ತಿದ್ದ.

ಆ ದನಿ ಹುಟ್ಟಿನಿಂದ ಬಂದದ್ದಲ್ಲ. ಹಾರ್ಮೋನಿಯಂ ಪೆಟ್ಟಿಗೆಯ ಒಂದೊಂದು ಕೀಲಿಗೂ ನಾಟಕದವರು 'ಮನೆ' ಅನ್ನುತ್ತಾರೆ. ಹಾಡು ಯಾವ ಮನೆಯಲ್ಲಿ ಕೂರುತ್ತದೋ ಅದೇ ಅವತ್ತಿನ ಶ್ರುತಿ. ವನಜಾಕ್ಷಿ ಇನ್ನೂ ಲಂಗದಾವಣಿಯ ಹುಡುಗಿಯಾಗಿದ್ದಾಗ ಹುಲ್ಲಹಳ್ಳಿಯಲ್ಲಿ ಮೊದಲ ನಾಟಕಕ್ಕೆ ನಿಂತಳು. ಪೆಟ್ಟಿಗೆ ನುಡಿಸುತ್ತಿದ್ದವರು ಚೆಲುವಯ್ಯ ಮೇಷ್ಟ್ರು. ಶ್ರುತಿ ಗಂಡಸರ ಕಂಠಕ್ಕೆ ಹೊಂದುವ ಮೊದಲನೇ ಕರಿಮನೆಯಲ್ಲಿತ್ತು. ಅಲ್ಲಿಗೆ ತನ್ನ ದನಿ ಇಳಿಯುವುದಿಲ್ಲ, ಇನ್ನೂ ನಾಲ್ಕಾರು ಮನೆ ಮೇಲಕ್ಕೆ ಇಟ್ಟುಕೊಳ್ಳಿ ಎಂದು ಅವಳು ಹೆದರುತ್ತಲೇ ಕೇಳಿದ್ದಳು. ಮೇಷ್ಟ್ರು ಸಿಟ್ಟಾಗಲೂ ಇಲ್ಲ. ರಾಜನ ಪಾರ್ಟಿನವನು ಊರಿನ ಯಜಮಾನ, ಅವನ ಕಂಠಕ್ಕೆ ಪೆಟ್ಟಿಗೆ ಕೂತಿದೆ ಎಂದು ವಿವರಿಸಿ, ಕೊನೆಗೆ ಒಂದು ಮಾತು ಹೇಳಿದ್ದರು.

"ಪೆಟ್ಗೆ ಬಗ್ಗಲ್ಲ ಕಣವ್ವ. ನೀನೇ ಬಗ್ಗು."

ಅವಳು ಬಗ್ಗಿದಳು. ಸಿಗದ ಸ್ವರವನ್ನು ಉಸಿರಲ್ಲಿ ತೇಲಿಸಿ, ಸಿಕ್ಕಿದ್ದನ್ನು ಎದೆಗೂಡಿನಲ್ಲಿ ಒತ್ತಿ, ಕೆಳಗಿನ ಕತ್ತಲಲ್ಲೇ ತಡಕಾಡಿ ದಾರಿ ಮಾಡಿಕೊಂಡಳು. ಹಾಗೆ ಕಟ್ಟಿಕೊಂಡ ದನಿಯೇ ಅವಳ ಹೆಸರಾಯಿತು. ಆಮೇಲೆ ಅವಳು ಮತ್ಯಾರನ್ನೂ ಮನೆ ಬದಲಿಸಿ ಎಂದು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ ಅನ್ನಿ.

ಇಂಥ ವನಜಾಕ್ಷಿಯ ಮನೆಗೆ ಹೆಡತಲೆಯಿಂದ ಹೆಂಗಸರ ಗುಂಪೊಂದು ಆಟೊ ಮಾಡಿಕೊಂಡು ಬಂತು. ಆ ವರ್ಷ ಅವರೂರಿನ ಗಂಡಸರು ರಾಜನ ಪಾರ್ಟು ಯಾರಿಗೆ ಎಂದು ಜಗಳವಾಡಿ, ಮಾತು ಬಿಟ್ಟು, ನಾಟಕವನ್ನೇ ಕೈಬಿಟ್ಟಿದ್ದರಂತೆ. ಪ್ರತಿವರ್ಷ ಪ್ರಾಕ್ಟೀಸಿನವರಿಗೆ ಕಾಫಿ ಕಾಸಿ ಕಾಸಿ ಸಾಕಾಗಿದ್ದ ಹೆಂಗಸರು ಒಂದು ದಿನ ಸಂಘದ ಮೀಟಿಂಗಿನಲ್ಲಿ, ಹಂಗಾದ್ರೆ ನಾವೇ ಮಾಡೋಣ ಎಂದು ನಗಾಡಿದರು. ನಗುನಗುತ್ತಲೇ ಅದು ನಿಜವಾಗಿಬಿಟ್ಟಿತು. ರಾಜನಿಂದ ಹಿಡಿದು ದ್ವಾರಪಾಲಕನವರೆಗೆ ಎಲ್ಲ ಪಾರ್ಟೂ ಹೆಂಗಸರದೇ.

ಬಂದವರ ಮುಂದಾಳು ಮುತ್ತಮ್ಮ. ಐದು ಅಡಿ ಎಂಟು ಅಂಗುಲದ ಆಳು, ಕೂಲಿ ಮಾಡಿ ಗಟ್ಟಿಯಾದ ತೋಳು. ವನಜಾಕ್ಷಿಯ ಮನೆಯ ಬಾಗಿಲಲ್ಲಿ ತಲೆ ತಗ್ಗಿಸಿಯೇ ಒಳಗೆ ಬಂದಳು. ಜೊತೆಗೆ ಊರಿನ ಲೈಬ್ರರಿ ನೋಡಿಕೊಳ್ಳುವ ಕವನ ಎಂಬ ಹುಡುಗಿ. ನಾಟಕ ಬರೆದವಳು ಅವಳೇ. ಅವಳ ಅಜ್ಜಿ ಕೆಂಪಾಜಮ್ಮ ಚಿಕ್ಕಂದಿನಲ್ಲಿ ಹೇಳುತ್ತಿದ್ದ ಕತೆಯನ್ನು ಹಿಡಿದು ಮಾತು, ಪದ ಎಲ್ಲ ಹೆಣೆದಿದ್ದಳು.

ತನ್ನನ್ನು ರಾಣಿ ಪಾರ್ಟಿಗೆ ಕರೆಯಲು ಬಂದಿದ್ದಾರೆ ಎಂದುಕೊಂಡ ವನಜಾಕ್ಷಿ, ಈ ವಯಸ್ಸಿನಲ್ಲಿ ರಾಣಿ ಆಗುವುದಕ್ಕೆ ನನಗೇ ನಾಚಿಕೆ ಎಂದಳು.

"ರಾಣಿ ಅಲ್ಲ ಕಣಕ್ಕ," ಅಂದಳು ಮುತ್ತಮ್ಮ. "ನೀವು ನಮ್ಗೆ ಮೇಷ್ಟ್ರಾಗ್ಬೇಕು."

ವನಜಾಕ್ಷಿ ಕಾಫಿ ತರುತ್ತೇನೆಂದು ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿದದ್ದನ್ನು ಆ ದಿನ ಅವಳು ಒರೆಸಲೂ ಇಲ್ಲ.

ಕತೆ ಹೀಗೆ. ಗಗನಸೇನ ಎಂಬ ದೊರೆ. ಅವನ ರಾಣಿ ತೀರಿಕೊಂಡಳು. ಅತ್ತರೆ ದೊರೆಯ ಗೌರವ ಕುಂದುತ್ತದೆಂದು ಅವನು ಅಳಲಿಲ್ಲ. ತಾನು ಅಳದ ಮೇಲೆ ಇನ್ನಾರೂ ಅಳಕೂಡದೆಂದು ನಾಡಿಗೆಲ್ಲ ಕಟ್ಟಪ್ಪಣೆ ಹೊರಡಿಸಿದ. ಹುಟ್ಟಿದ ಕೂಸಿನ ಬಾಯಿಗೂ ಬಟ್ಟೆ, ಮಗಳನ್ನು ಕಳಿಸಿಕೊಡುವ ತಾಯಿಯ ಕಣ್ಣಿಗೂ ಕಾವಲು. ವರುಷಗಳು ಕಳೆದವು. ಒಂದು ದಿನ ದೊರೆಗೆ ಎದೆಯಲ್ಲಿ ಬಂಡೆ ಕೂತ ಹಾಗಾಗಿ ಉಸಿರೇ ಸಿಕ್ಕಿಕೊಂಡಿತು. ಅತ್ತರೆ ಮಾತ್ರ ಉಳಿಯುತ್ತೀಯೆ ಎಂದರು ವೈದ್ಯರು. ಆದರೆ ಆ ನಾಡಲ್ಲಿ ಅಳುವುದು ಹೇಗೆಂದು ಯಾರಿಗೂ ನೆನಪಿರಲಿಲ್ಲ. ಕಾಡಂಚಿನಲ್ಲಿ ಒಬ್ಬಳೇ ಉಳಿದಿದ್ದ ಮುದುಕಿಯೊಬ್ಬಳು ಬಂದು ದೊರೆಗೆ ಅಳು ಕಲಿಸುತ್ತಾಳೆ. ಅಲ್ಲಿ ಬರುತ್ತದೆ ದೊರೆ ಅಳುವ ಪದ. ಇಡೀ ನಾಟಕ ಆ ಒಂದು ಪದದ ಮೇಲೆ ನಿಂತಿದೆ. ಅದು ಎದ್ದರೆ ನಾಟಕ ಎದ್ದಿತು, ಬಿದ್ದರೆ ಬಿದ್ದಿತು.

ದೊರೆ ಮುತ್ತಮ್ಮ. ಮುದುಕಿಯ ಪಾರ್ಟನ್ನು ವನಜಾಕ್ಷಿಯೇ ಹಿಡಿದಳು.

ಹೆಡತಲೆಯ ಸಮುದಾಯ ಭವನದಲ್ಲಿ ದಿನಾ ಸಂಜೆ ಪ್ರಾಕ್ಟೀಸ್ ಶುರುವಾಯಿತು. ಕವನ ಮೊದಲು ಬರೆದಿದ್ದ ಪದದಲ್ಲಿ ದೊರೆ "ಎಲೈ ಅಶ್ರುಧಾರೆಯೇ, ಹೃದಯಕವಾಟದ ಬಹಿರಂಗದಲ್ಲೇಕೆ ನಿಂತಿರುವೆ" ಎಂದು ಕೇಳುತ್ತಿದ್ದ. ವನಜಾಕ್ಷಿ ಆ ಹುಡುಗಿಯನ್ನೇ ಎದ್ದು ನಿಲ್ಲಿಸಿ, ಇದನ್ನ ಒಂದೇ ಉಸಿರಲ್ಲಿ ಹೇಳು ಎಂದಳು. ಕವನ ಕವಾಟದ ಹತ್ತಿರವೇ ಮುಗ್ಗರಿಸಿದಳು. ಗೋಡೆಗೊರಗಿ ಕೂತಿದ್ದ ಕೆಂಪಾಜಮ್ಮ ಎಲೆಅಡಿಕೆ ತುಂಬಿದ ಬಾಯಲ್ಲೇ, "ನಿನ್ ದೊರೆ ಎಲ್ಲವ್ವ ಅಳ್ತಾ ಇರೋದು, ಕೋರ್ಟಲ್ಲಾ?" ಎಂದು ಕೇಳಿದಾಗ ಭವನದ ಹೆಂಚು ಹಾರುವಷ್ಟು ನಗು. ಕವನಳ ಮುಖ ಕೆಂಪಾದರೂ ಹಠಗಾತಿ, ಅಜ್ಜಿಯನ್ನೇ ಹಿಡಿದುಕೊಂಡಳು. ಕತೆ ಹೇಳುವಾಗ ನೀನು ಎಲ್ಲಿ ನಿಲ್ಲಿಸುತ್ತಿದ್ದೆ, ಯಾಕೆ ನಿಲ್ಲಿಸುತ್ತಿದ್ದೆ ಎಂದು. ಅಜ್ಜಿ ಹೇಳಿದ್ದು ಇಷ್ಟೇ: ಹೇಳುವವಳಿಗೆ ಉಸಿರು ಬೇಕಾದ ಕಡೆ ಅಲ್ಲ, ಕೇಳುವವರ ಉಸಿರು ನಿಲ್ಲುವ ಕಡೆ ನಿಲ್ಲಿಸಬೇಕು. ಮರುದಿನ ಕವನ ಹೊಸ ಪದ ತಂದಳು.

ಊರೀಗೆ ಕಾವಲು ಇಟ್ಟೆ, ಕಣ್ಣೀಗೂ ಇಟ್ಟೆ
ಯಾರೂನು ಬರದಂಗೆ ಕದವಿಟ್ಟೆ – ಕಣ್ಣೀರೆ
ಹೊರಗ್ನೀನು ನಿಂತೆ, ಒಳಗ್ನಾನು

ವನಜಾಕ್ಷಿ ಅದನ್ನು ಒಮ್ಮೆ ಬಾಯಲ್ಲಿ ಆಡಿಸಿ ನೋಡಿ, ಹುಡುಗಿಯ ಕೆನ್ನೆ ಮುಟ್ಟಿ ಲಟಿಕೆ ತೆಗೆದಳು. ನೂರಾರು ನಾಟಕದ ಮಾತುಗಳನ್ನು ಅವಳು ಬಾಯಿಪಾಠ ಮಾಡಿದ್ದುಂಟು. ಯಾವುದಾದರೂ ಮಾತು ತನ್ನ ಕಣ್ಣೆದುರೇ ಹುಟ್ಟಿದ್ದು ಇದೇ ಮೊದಲು.

ಕಲಿಸುವುದರಲ್ಲಿ ವನಜಾಕ್ಷಿ ಏನನ್ನೂ ಬಚ್ಚಿಟ್ಟುಕೊಳ್ಳಲಿಲ್ಲ. ಮೀಸೆ ಅಂಟಿಸಿದ ಮೇಲೆ ಮೇಲ್ದುಟಿ ಅಲ್ಲಾಡಿಸದೆ ಮಾತಾಡುವುದು, ಕಿರೀಟದ ಭಾರವನ್ನು ಕತ್ತಿಗೆ ಕೊಡದೆ ಬೆನ್ನಿಗೆ ಕೊಡುವುದು, ಮರೆತಾಗ ಕೈ ಎಲ್ಲಿಡುವುದು, ಎಲ್ಲ. ಹಾಡುವುದನ್ನು ಮಾತ್ರ ತನ್ನ ಜೀವವೇ ಎಂಬಂತೆ ಕಲಿಸಿದಳು. ಮೊದಲ ದಿನವೇ ಮೊದಲನೇ ಕರಿಮನೆಯ ಶ್ರುತಿ ಕೊಟ್ಟು, ಅಲ್ಲಿಗೆ ಇಳಿಯುವುದು ಹೇಗೆ, ಸಿಗದ ಸ್ವರವನ್ನು ತೇಲಿಸುವುದು ಹೇಗೆ ಎಂದು ಮುತ್ತಮ್ಮನ ಎದೆಯ ಮೇಲೆ ಕೈಯಿಟ್ಟು ತೋರಿಸಿದಳು. ಮುತ್ತಮ್ಮ ಪಾಪ, ಕೊಟ್ಟ ಕೆಲಸವನ್ನು ಕಷ್ಟಪಟ್ಟು ಮಾಡುವ ಹೆಂಗಸು. ಇಳಿದಳು.

ನಾಟಕ ನಂಜನಗೂಡಿನ ಭವನವೊಂದರಲ್ಲಿ, ಭಾನುವಾರ ಹಗಲು ಎಂದು ಗೊತ್ತಾಯಿತು. ಇನ್ನೊಂದು ವಾರವಿದೆ ಅನ್ನುವಾಗ ಚೆಲುವಯ್ಯ ಮೇಷ್ಟ್ರು ಪೆಟ್ಟಿಗೆ ತಂದು ಪೂರ್ತಿ ನಾಟಕವನ್ನು ಒಂದು ಸಾರಿ ನುಡಿಸಿ ನೋಡಿದರು. ಮಾತಿನ ಭಾಗ ಬೆಂಕಿಯ ಹಾಗೆ ಓಡಿತು. ಆದರೆ ದೊರೆ ಅಳುವ ಪದ ಬಂದಾಗ, ಅಷ್ಟು ಎತ್ತರದ ಮುತ್ತಮ್ಮನ ಬಾಯಿಂದ ಬಂದದ್ದು ಬಾವಿಗೆ ಬಿದ್ದ ಬಿಂದಿಗೆಯ ಸದ್ದು. ಮೈಕು ಹಿಡಿದರೂ ಅಷ್ಟೆ. ಮತ್ತೊಮ್ಮೆ, ಮಗದೊಮ್ಮೆ ಹಾಡಿಸಿದರು. ದನಿ ಸವೆಯಿತೇ ಹೊರತು ಏಳಲಿಲ್ಲ.

ಮೇಷ್ಟ್ರು ವನಜಾಕ್ಷಿಯನ್ನು ಜಗುಲಿಗೆ ಕರೆದು, ಕೆಟ್ಟ ಮನಸ್ಸಿನಿಂದಲ್ಲ, ಅನುಭವದಿಂದ ಹೇಳಿದರು. ಇದು ಹೆಂಗಸರಿಗೆ ಏಳುವ ಪದವಲ್ಲ. ಬಿಳಿಗೆರೆಯ ಪ್ರಸಾದ್ ಒಳ್ಳೆ ಕಂಠದವನು, ನಾಲ್ಕು ದಿನದಲ್ಲಿ ಪಾರ್ಟು ಕಲಿತಾನು. ದೊರೆ ಒಬ್ಬ ಗಂಡಸಾಗಲಿ, ಮಿಕ್ಕವರೆಲ್ಲ ಹೆಂಗಸರೇ ಇರಲಿ, ಯಾರು ಬೇಡ ಅಂದರು? ಇಲ್ಲವಾದರೆ ನಂಜನಗೂಡಿನ ಜನದೆದುರು ನಗೆಪಾಟಲು.

"ಯೋಚ್ನೆ ಮಾಡು ವನಜಮ್ಮ. ಜನ ನಗಾಡೋದು ನಿನ್ ಎಸ್ರನ್ನೂ ಸೇರ್ಸಿ."

ವನಜಾಕ್ಷಿಗೂ ಹಾಗೇ ಅನ್ನಿಸಿತ್ತು. ತನ್ನ ವಿದ್ಯೆ ತನ್ನ ಗಂಟಲಿಗೇ ಮುಗಿಯುತ್ತದೇನೋ, ಇನ್ನೊಬ್ಬಳಿಗೆ ದಾಟುವಂಥದ್ದಲ್ಲವೇನೋ ಎಂದು ಬಸ್ಸಿನ ಕಿಟಕಿಗೆ ತಲೆಯಾನಿಸಿ ಊರಿಗೆ ಹೋದಳು.

ಮಾರನೆಯ ಬೆಳಿಗ್ಗೆ ಮುತ್ತಮ್ಮನಿಗೆ ತಾನೇ ಹೇಳಿಬಿಡಬೇಕು, ಇನ್ನೊಬ್ಬರ ಬಾಯಿಂದ ಕೇಳುವುದು ಬೇಡ ಎಂದು ಹೊರಟಳು. ಮುತ್ತಮ್ಮ ಮನೆಯಲ್ಲಿರಲಿಲ್ಲ. ಗೋಡೆಯ ಮೇಲಿನ ಬುದ್ಧನ ಪಟದ ಕೆಳಗೆ, ಕಾಗದದಲ್ಲಿ ಸುತ್ತಿಟ್ಟ ಮೀಸೆ ಮಾತ್ರ ಇತ್ತು. ಹುಲ್ಲಹಳ್ಳಿ ಕಡೆ ನಾಲೆ ಬಯಲಿಗೆ ನಾಟಿಗೆ ಹೋಗಿದ್ದಾಳೆಂದು ಪಕ್ಕದ ಮನೆಯವರು ಹೇಳಿದರು. ವನಜಾಕ್ಷಿ ಅಲ್ಲಿಗೂ ಹೋದಳು.

ನಾಲೆಯ ಏರಿ ಹತ್ತುವ ಮೊದಲೇ ದನಿ ಕೇಳಿಸಿತು.

ಕಣ್ಣಿಗೆ ಇನ್ನೂ ಗದ್ದೆ ಬಿದ್ದಿರಲಿಲ್ಲ. ಬರೀ ದನಿ. ಏರಿಯ ಆಚೆಯಿಂದ ಎದ್ದು, ಏರಿಯನ್ನು ದಾಟಿ, ರಸ್ತೆಯಲ್ಲಿ ಹೋಗುತ್ತಿದ್ದ ಕಬ್ಬಿನ ಟ್ರ್ಯಾಕ್ಟರಿನ ಸದ್ದನ್ನೂ ತುಳಿದುಕೊಂಡು ಹೋಗುತ್ತಿತ್ತು. ಊರೀಗೆ ಕಾವಲು ಇಟ್ಟೆ, ಕಣ್ಣೀಗೂ ಇಟ್ಟೆ. ಹಿಂದೆಯೇ ಹತ್ತಾರು ಹೆಂಗಸರು ಅದೇ ಸಾಲನ್ನು ಎತ್ತಿಕೊಳ್ಳುತ್ತಿದ್ದರು. ವನಜಾಕ್ಷಿ ಏರಿ ಹತ್ತಿ ನಿಂತಳು. ಮೊಣಕಾಲುದ್ದ ಕೆಸರಿನಲ್ಲಿ ಪೈರು ಹಿಡಿದು ನಿಂತಿದ್ದ ಮುತ್ತಮ್ಮ ಕತ್ತೆತ್ತಿ ಪದ ಹೇಳಿಕೊಡುತ್ತಿದ್ದಳು. ಆ ದನಿಯಲ್ಲಿ ಸವೆದದ್ದು ಏನೂ ಇರಲಿಲ್ಲ. ಅವಳು ನಿಂತಲ್ಲಿ ಒಬ್ಬ ದೊರೆ ನಿಂತಿದ್ದ.

ಅವಳನ್ನು ಕಂಡ ಮುತ್ತಮ್ಮ ಕೈ ತೊಳೆದುಕೊಂಡು ಬದುವಿಗೆ ಬಂದಳು. ಸುದ್ದಿ ಆಗಲೇ ಕಿವಿಗೆ ಬಿದ್ದಿತ್ತು.

"ಬುಡಿ ಅಕ್ಕ, ಆ ಪ್ರಸಾದ್ ಚೆಂದಾಗಿ ಏಳ್ತಾನಂತೆ. ನಂಗೆ ಕಾಫಿ ಕಾಸೋ ಪಾರ್ಟು ಇದ್ದೇ ಅದಲ್ಲ," ಎಂದು ನಕ್ಕಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ, "ಮೀಸೆ ಅಂಟಿಸ್ಕಂಡು ಕನ್ನಡಿ ನೋಡ್ಕಂಡಿದ್ದೆ. ತೀರೋದ ನಮ್ಮಪ್ಪನ್ ಮೊಕ ಕಾಣ್ತು. ಅದೊಂದ್ ಬೇಜಾರು," ಅಂದಳು.

ವನಜಾಕ್ಷಿಯ ತಲೆಯಲ್ಲಿ ಬೇರೊಂದು ಕೊರೆಯುತ್ತಿತ್ತು. ಇಷ್ಟು ದನಿ ಇಟ್ಟುಕೊಂಡು ಭವನದಲ್ಲಿ ಯಾಕೆ ಹಾಗೆ ಹಾಡಿದೆ ಎಂದು ಕೇಳಿದಳು.

ಮುತ್ತಮ್ಮನಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಇಲ್ಲಿ ಪೆಟ್ಗೆ ಇಲ್ವಲ್ಲಕ್ಕ. ಪೆಟ್ಗೆ ಎಲ್ಲಿ ಕೂತಿರ್ತದೋ ಅಲ್ಲಿಗೆ ನಾವ್ ಇಳ್ಕಂಡು ಓಗ್ಬೇಕು ಅಂತ ನೀವೇ ಅಲ್ವಾ ಏಳ್ಕೊಟ್ಟಿದ್ದು?"

ಬದುವಿನ ಮೇಲೆ ವನಜಾಕ್ಷಿ ಹಾಗೇ ಕುಕ್ಕರಗಾಲಲ್ಲಿ ಕೂತುಬಿಟ್ಟಳು. ಒಂದೊಂದಾಗಿ ಎಲ್ಲ ಕಣ್ಣ ಮುಂದೆ ಬಂತು. ಈ ನಾಟಕದಲ್ಲಿ ಊರಿನ ಯಜಮಾನನ ಕಂಠವೇ ಇಲ್ಲ. ಗಂಡು ಕಂಠವೇ ಇಲ್ಲ. ಆದರೂ ಮೊದಲ ದಿನ ಶ್ರುತಿಯನ್ನು ತಾನೇ ಗಂಡಸರ ಮನೆಯಲ್ಲಿ ಕೂರಿಸಿದ್ದಳು. ಯಾರೂ ಹೇಳದೆ, ಯಾರೂ ಕೇಳದೆ. ಹಾಡು ಅಂದರೆ ಕೆಳಗಿಳಿಯುವುದು ಎಂದು ಅವಳ ಮೈಯೇ ನಂಬಿಕೊಂಡಿತ್ತು. ಈ ಹೆಂಗಸಿಗೆ ತಾನು ಇಷ್ಟು ದಿನ ಕಲಿಸಿದ್ದು ಹಾಡನ್ನಲ್ಲ, ಬಗ್ಗುವುದನ್ನು.

ಆದರೆ ನೋಡಿ, ಅಳು ಬರಲಿಲ್ಲ ಅವಳಿಗೆ. ಒಳಗೆಲ್ಲೋ ಬೆಚ್ಚಗಾಯಿತು. ಮುತ್ತಮ್ಮನ ಕೆಸರು ಕೈ ಹಿಡಿದುಕೊಂಡು, ಮೀಸೆಯನ್ನು ಯಾರಿಗೂ ಕೊಡಬೇಡ ಎಂದಷ್ಟೇ ಹೇಳಿ ಎದ್ದಳು.

ನರಸೀಪುರದಲ್ಲಿ ಚೆಲುವಯ್ಯ ಮೇಷ್ಟ್ರು ಮಧ್ಯಾಹ್ನದ ಬಿಸಿಲಿಗೆ ಜಗುಲಿಯಲ್ಲಿ ಪೆಟ್ಟಿಗೆ ಬಿಚ್ಚಿಟ್ಟುಕೊಂಡು ತಿದಿಯ ಧೂಳು ಒರೆಸುತ್ತಿದ್ದರು. ವನಜಾಕ್ಷಿ ಬಂದದ್ದು, ಪ್ರಸಾದನಿಗೆ ಫೋನು ಮಾಡಿ ಎಂದು ಹೇಳಲು ಅಂದುಕೊಂಡರು. ಅವಳು ಹೇಳಿದ್ದು ಬೇರೆ. ನಾಟಕಕ್ಕೆ ಮನೆ ಬದಲಿಸಬೇಕು, ಹೆಂಗಸರ ಕಂಠಕ್ಕೆ ಶ್ರುತಿ ಇಡಬೇಕು.

ಮೇಷ್ಟ್ರು ತಮ್ಮ ಎರಡೂ ಕೈ ಮುಂದೆ ಚಾಚಿ ತೋರಿಸಿದರು. ಬೆರಳಿನ ಗಿಣ್ಣುಗಳು ಗಂಟುಗಟ್ಟಿದ್ದವು.

"ಈ ಬೆಳ್ಳು ಒಂದೇ ಮನೇಲಿ ಬಾಳಾಟ ಮಾಡ್ಕಂಡ್ ಬಂದವೆ ಕಣಮ್ಮ. ಎಪ್ಪತ್ತು ದಾಟದ್ ಮೇಲೆ ಮನೆ ಬುಡ್ಸಿದ್ರೆ ಎಲ್ಲಿಗೋದಾವು?" ಅಂದರು. ಈಗ ಕೀಬೋರ್ಡಿನ ಹುಡುಗರಿದ್ದಾರೆ, ಬಟನ್ ಒತ್ತಿದರೆ ಮನೆ ಬದಲಾಗುತ್ತದೆ, ಅವರನ್ನು ಕರೆದುಕೋ ಎಂದೂ ಸೇರಿಸಿದರು. ಅದರಲ್ಲಿ ಸಿಟ್ಟಿಗಿಂತ ಅಂಜಿಕೆ ಹೆಚ್ಚಿತ್ತು. ಜನದೆದುರು ತಪ್ಪು ನುಡಿಸಿಬಿಟ್ಟರೆ ಎಂಬ ಅಂಜಿಕೆ ಆ ವಯಸ್ಸಿನಲ್ಲಿ ಹೊಸದಾಗಿ ಹುಟ್ಟುತ್ತದೆ.

ಬಟನ್ ಒತ್ತುವ ಹುಡುಗನನ್ನು ಕರೆಯುವುದು ಸುಲಭವಿತ್ತು. ಆದರೆ ವನಜಾಕ್ಷಿಗೆ ಅದು ಬೇಡವಾಗಿತ್ತು. ತನ್ನನ್ನು ಬಗ್ಗಿಸಿದ್ದು ಈ ಪೆಟ್ಟಿಗೆ. ತನ್ನನ್ನು ಬೆಳೆಸಿದ್ದೂ ಇದೇ. ಏಳುವುದಾದರೆ ಇದರ ಎದುರಿಗೇ ಏಳಬೇಕು.

ಅವಳು ವಾದ ಮಾಡಲಿಲ್ಲ. ಚಪ್ಪಲಿ ಬಿಟ್ಟು, ಜಗುಲಿಯ ಕಂಬಕ್ಕೆ ಬೆನ್ನು ಕೊಟ್ಟು ಕೂತು, ಕಣ್ಣು ಮುಚ್ಚಿ ಹಾಡಿದಳು. ಶ್ರುತಿ ಕೇಳಲಿಲ್ಲ. ಬಾಯಿಗೆ ಎಲ್ಲಿ ಬಂತೋ ಅಲ್ಲಿಂದಲೇ. ಲಂಗದಾವಣಿಯ ದಿನಗಳ ಆಚೆ, ನದಿಯಲ್ಲಿ ಬಟ್ಟೆ ಒಗೆಯುತ್ತ ಅವ್ವನ ಜೊತೆ ಹಾಡಿಕೊಂಡದ್ದೇ ಕೊನೆ, ಆ ಎತ್ತರಕ್ಕೆ ಅವಳು ಮತ್ತೆ ಹೋಗಿರಲಿಲ್ಲ. ಮೊದಲ ಸಾಲಿನಲ್ಲಿ ದನಿ ತುಕ್ಕು ಹಿಡಿದ ಚಿಲಕದ ಹಾಗೆ ಕಿರುಗುಟ್ಟಿತು. ಎರಡನೆಯ ಸಾಲಿಗೆ ಸರಿದುಕೊಂಡಿತು. ಹೊರಗ್ನೀನು ನಿಂತೆ, ಒಳಗ್ನಾನು.

ಮೇಷ್ಟ್ರ ಕೈ ತಾನಾಗಿ ತಿದಿಗೆ ಹೋಯಿತು. ಹಾಡುವವರು ಹಾಡುತ್ತಿರುವಾಗ ಸುಮ್ಮನೆ ಕೂರುವುದು ಆ ಕೈಗೆ ಗೊತ್ತಿರಲಿಲ್ಲ. ಬಲಗೈ ಬೆರಳು ಮೊದಲನೇ ಕರಿಮನೆಯನ್ನು ಒತ್ತಿತು. ಅವಳು ಅಲ್ಲಿರಲಿಲ್ಲ. ಅಲ್ಲಿಂದ ಮೇಲಕ್ಕೆ ಒಂದೊಂದೇ ಮನೆಯ ಬಾಗಿಲು ತಟ್ಟುತ್ತ, ಇಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ ಎಂದು ಬೆರಳು ಹುಡುಕಿಕೊಂಡು ಹೋಯಿತು. ಐದನೇ ಬಿಳಿಮನೆಯಲ್ಲಿ ಸಿಕ್ಕಳು. ಪೆಟ್ಟಿಗೆಯ ದನಿಯೂ ಅವಳ ದನಿಯೂ ಒಂದೇ ದಾರವಾಗಿ ಜಗುಲಿಯ ತುಂಬ ನಿಂತಿತು.

ಹಾಡು ಮುಗಿದ ಮೇಲೂ ಮೇಷ್ಟ್ರು ಆ ಮನೆಯಿಂದ ಬೆರಳು ತೆಗೆಯಲಿಲ್ಲ.

"ಇಷ್ಟ್ ವರ್ಸ ಇಲ್ಲಿದ್ಯಾ ನೀನು?"

"ಇಲ್ಲೇ ಇದ್ದೆ ಮೇಷ್ಟ್ರೇ."

"ಕರ್ದಿದ್ರೆ ಬತ್ತಿದ್ದೆ."

ಕರೆದಿದ್ದೆ ಎಂದು ವನಜಾಕ್ಷಿ ಹೇಳಲಿಲ್ಲ. ಅವರಿಗೆ ನೆನಪಿಲ್ಲ ಎಂಬುದು ಅವರ ಮುಖದಲ್ಲೇ ಕಾಣುತ್ತಿತ್ತು. ಮೇಷ್ಟ್ರು ಒಳಗೆ ಕೂಗಿ, ವನಜಮ್ಮನಿಗೆ ಊಟಕ್ಕಿಡಿ, ಇನ್ನು ಒಂದು ವಾರ ನನ್ನ ಹತ್ತಿರ ಯಾರೂ ಬರಬೇಡಿ ಎಂದು ಹೆಂಡತಿಗೆ ಹೇಳಿದರು. ಆ ವಾರವಿಡೀ ಬೀದಿಯವರು ಆ ಮನೆಯಿಂದ ಎಡವುವ ಹಾರ್ಮೋನಿಯಂ ಕೇಳಿದರು. ಯಾರೋ ಎಳೆಯರು ಕಲಿಯುತ್ತಿದ್ದಾರೆಂದೇ ತಿಳಿದಿದ್ದರಂತೆ.

ಭಾನುವಾರ ನಂಜನಗೂಡಿನ ಭವನ ತುಂಬಿತ್ತು. ಹೆಡತಲೆಯಿಂದ ಎರಡು ಟೆಂಪೊ ಜನ. ಪಾರ್ಟಿಗಾಗಿ ಜಗಳವಾಡಿದ್ದ ಗಂಡಸರೆಲ್ಲ ಮಾತು ಬಿಟ್ಟಿದ್ದನ್ನು ಮರೆತು, ಹೆಂಗಸರು ಏನು ಕಡಿದು ಕಟ್ಟೆ ಹಾಕುತ್ತಾರೋ ನೋಡೇಬಿಡೋಣ ಎಂದು ಒಟ್ಟಾಗಿ ಮುಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿದ್ದರು. ಕೆಂಪಾಜಮ್ಮ ಮೊಮ್ಮಗಳ ಪಕ್ಕದಲ್ಲಿ, ತನ್ನ ಕತೆಯನ್ನು ಎಲ್ಲೆಲ್ಲಿ ಕೆಡಿಸಿದ್ದಾಳೋ ಹಿಡಿಯಲು ಬಂದವಳ ಹಾಗೆ ನೆಟ್ಟಗೆ ಕೂತಿದ್ದಳು.

ಗಗನಸೇನ ಮಹಾರಾಜ ರಂಗಕ್ಕೆ ಬಂದಾಗ ಮುಂದಿನ ಸಾಲಿನಲ್ಲಿ ಕಿಸಕ್ಕೆಂದು ನಗು ಬಂತು. ಯಾರೋ, ದೊರೆ ನಮ್ಮನೆ ಕಳೆ ಕಿತ್ತಿದ್ದು ಮೊನ್ನೆ ತಾನೇ ಎಂದು ಗೊಣಗಿದರು. ಮುತ್ತಮ್ಮ ಅತ್ತ ತಿರುಗಿಯೂ ನೋಡದೆ ಸಿಂಹಾಸನದವರೆಗೆ ನಡೆದಳು. ಕಿರೀಟ ಅವಳ ಬೆನ್ನ ಮೇಲಿತ್ತು, ಕತ್ತಿನ ಮೇಲಲ್ಲ. ಅಳಬಾರದೆಂಬ ಕಟ್ಟಪ್ಪಣೆ ಹೊರಡಿಸುವ ಹೊತ್ತಿಗೆ ಗೊಣಗುವುದು ನಿಂತಿತ್ತು.

ದೊರೆ ಅಳುವ ಪದ ಬಂತು. ವನಜಾಕ್ಷಿ ಮುದುಕಿಯ ವೇಷದಲ್ಲಿ ದೊರೆಯ ಕಾಲ ಬಳಿ ಕೂತಿದ್ದಳು. ಚೆಲುವಯ್ಯ ಮೇಷ್ಟ್ರು ಐದನೇ ಬಿಳಿಮನೆಯ ಶ್ರುತಿ ಹಿಡಿದರು. ಪದಕ್ಕೆ ಮುಂಚಿನ ನುಡಿಕೆಯ ನಡುವೆ ಒಂದು ಕಡೆ ಬೆರಳು ಹಳೇ ಮನೆಗೆ ಜಾರಿತು. ಪೆಟ್ಟಿಗೆ ಅಪಸ್ವರವಾಡಿ ನಿಂತುಬಿಟ್ಟಿತು. ಮೇಷ್ಟ್ರ ಹಣೆಯಲ್ಲಿ ಬೆವರು. ವನಜಾಕ್ಷಿ ದೊರೆಯ ಮುಖ ನೋಡಿದಳು. ಇಂಥ ಹೊತ್ತಿನಲ್ಲಿ ಅ‌ವಳು ಕಂಡ ರಾಜರೆಲ್ಲ ಮೇಷ್ಟ್ರ ಕಡೆ ಕಣ್ಣು ಕೆಂಪಗೆ ಮಾಡುತ್ತಿದ್ದರು.

ಮುತ್ತಮ್ಮ ಹಾಗೆ ಮಾಡಲಿಲ್ಲ. ಎದೆಯ ಮೇಲೆ ಕೈಯಿಟ್ಟುಕೊಂಡಳು. ಬಾಯಿ ತೆರೆದು, ದನಿ ಬಾರದವಳಂತೆ ಮುಚ್ಚಿದಳು. ಅಳು ಬಾರದ ದೊರೆ ಅಳಲು ಹೆಣಗುತ್ತಿದ್ದಾನೆಂದೇ ಭವನವೆಲ್ಲ ಕಂಡಿತು. ಅಷ್ಟು ಹೊತ್ತಿನಲ್ಲಿ ಮೇಷ್ಟ್ರ ಬೆರಳು ದಾರಿ ಹುಡುಕಿಕೊಂಡು ಬಂದು ಸರಿಯಾದ ಮನೆಯಲ್ಲಿ ನಿಂತಿತು. ನಿಂತದ್ದನ್ನು ಕಿವಿಯಲ್ಲೇ ತಿಳಿದುಕೊಂಡು ಮುತ್ತಮ್ಮ ಎತ್ತಿದಳು.

ಊರೀಗೆ ಕಾವಲು ಇಟ್ಟೆ, ಕಣ್ಣೀಗೂ ಇಟ್ಟೆ.

ಅದು ಹೇಗಿತ್ತೆಂದು ಹೇಳುವುದು? ನಾಲೆ ಬಯಲಿನಲ್ಲಿ ಏರಿ ದಾಟಿದ್ದ ದನಿಗೆ ಭವನದ ಗೋಡೆ ಒಂದು ಲೆಕ್ಕವೇ? ಮೈಕಿನವನು ಸದ್ದು ತಗ್ಗಿಸಲು ಓಡಿದ. ಬಾಗಿಲ ಹೊರಗೆ ಎಳನೀರು ಕೊಚ್ಚುತ್ತಿದ್ದವನು ಒಳಗೆ ಬಂದು ನಿಂತ. ಮುಂದಿನ ಸಾಲಿನಲ್ಲಿ ಒಬ್ಬ ಪಕ್ಕದವನಿಗೆ, ಲೇ ನಮ್ಮ ಮುತ್ತಮ್ಮ ಕಣ್ಲಾ ಎಂದು ಏನನ್ನೋ ಹೇಳಹೊರಟ. ಪಕ್ಕದವನು ಅವನ ತೊಡೆಗೆ ಒಂದು ಕೊಟ್ಟ.

"ಸುಮ್ಕಿರ್ಲಾ. ದೊರೆ ಅಳ್ತಾವ್ನೆ."

ವನಜಾಕ್ಷಿಗೆ ಆ ಮಾತು ಸ್ಪಷ್ಟವಾಗಿ ಕೇಳಿಸಿತು. ಅವಳ ಬೆನ್ನು ತಾನಾಗಿ ನೆಟ್ಟಗಾಯಿತು. ಮುದುಕಿಯ ಪಾರ್ಟಿಗೆ ಅದು ಸಲ್ಲದು ಎಂದು ಮತ್ತೆ ಬಗ್ಗಿಸಿಕೊಂಡಳು. ಕವನ ಅಜ್ಜಿಯ ಕಡೆ ನೋಡಿದಳು. ಕೆಂಪಾಜಮ್ಮ ಎಲೆಅಡಿಕೆ ಅಗಿಯುವುದನ್ನೇ ನಿಲ್ಲಿಸಿ, ಎಷ್ಟು ಸಾರಿ ಹೇಳಿದ್ದಳೋ ಆ ಕತೆಯನ್ನು, ಮುಂದೇನಾಗುತ್ತದೆಂದು ಗೊತ್ತಿಲ್ಲದವಳ ಹಾಗೆ ನೋಡುತ್ತಿದ್ದಳು.

ದೊರೆ ಮೊಣಕಾಲೂರಿದ. ಇನ್ನು ಮುದುಕಿಯ ಸರದಿ. ಚೆಲುವಯ್ಯ ಮೇಷ್ಟ್ರು ಪೆಟ್ಟಿಗೆಯ ಮೇಲಿಂದ ಕಣ್ಣೆತ್ತಿ, ಎಲ್ಲಿಗೆ ಬರಲಿ ಎಂಬಂತೆ ಅವಳ ಮುಖ ನೋಡಿದರು. ವನಜಾಕ್ಷಿ ತಲೆಯಾಡಿಸಿದಳು, ಇಲ್ಲೇ ಇರಿ ಎಂದು.

ಬಾರಯ್ಯ ಮಗನೆ ಬಾ, ಕಿರೀಟ ಇಳಿಸಯ್ಯ. ಮೊದಲ ಸಾಲನ್ನು ಅವಳು ಕೆಳಗಿನಿಂದಲೇ ಎತ್ತಿಕೊಂಡಳು, ಎರಡು ತಾಲ್ಲೂಕು ಬಲ್ಲ ಆ ಹಗೇವಿನ ದನಿಯಲ್ಲಿ. ಯಾಕೆ ಬಿಡಬೇಕು? ಅಲ್ಲಿನ ಕತ್ತಲನ್ನು ಅಂಗುಲ ಅಂಗುಲ ತಡಕಾಡಿ ತನ್ನದು ಮಾಡಿಕೊಂಡವಳು ಅವಳು. ಜನ ಗುರುತು ಹಿಡಿದು, ಅಗೋ ನರಸೀಪುರದ ವನಜಮ್ಮ ಎಂದು ಪಿಸುಗುಟ್ಟಿದರು. ಹೊತ್ತಿದ್ದು ಸಾಕು ತಲೆಮ್ಯಾಲೆ. ಇಷ್ಟು ವರ್ಷ ಇಂಥ ಕಡೆಗೆ ಬಂದಾಗಲೆಲ್ಲ ಅವಳ ಪದಗಳು ಕೆಳಗೇ ತಿರುಗಿ ಮುಗಿಯುತ್ತಿದ್ದವು. ಇವತ್ತು ಮೇಲೆ ಜಾಗವಿತ್ತು. ದೊರೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಮೂರನೆಯ ಸಾಲಿಗೆ ವನಜಾಕ್ಷಿ ದನಿಯ ಮೆಟ್ಟಿಲು ಹತ್ತಿದಳು.